ಗೋಣಿಚೀಲದ ಕೊಲೆಗಾರ ನನ್ನ ಬಾಯಿ ಬಿಡಿಸಿದ್ದು

ತೊಂಬತ್ತರ ದಶಕದ ಮಾತು. ಕೊಟ್ಟೂರಿನ ನಮ್ಮ ಮನೆಗೆ ನನ್ನನ್ನು ನೋಡಲು ಹಡಗಲಿ ಕಡೆಯ ಹುಡುಗ, ಅವನ ತಂದೆ, ತಾಯಿ ಬರುವ ದಿನ ಅವ್ವ ಬೆಳಿಗ್ಗೆಯೇ ಎಚ್ಚರಿಸಿದ್ದಳು: "ಹೆಸರು ಕೇಳಿದ್ರ ಹೆಸರು ಹೇಳು. ಮುಂದ ತುಟಿ ಪಿಟಕ್ ಅನ್ನಬ್ಯಾಡ. ಬಾಯಿ ಬಿಟ್ರ ಬಣ್ಣಗೇಡು."

ಅವಳ ಹೆದರಿಕೆಗೆ ಕಾರಣವಿತ್ತು. ಹಿಂದೆ ಬಂದ ಸಂಬಂಧಗಳು ನನ್ನ ಬಾಯಿಂದಲೇ ಮುರಿದಿದ್ದವು. ಒಬ್ಬರು ಉಪ್ಪಿಟ್ಟಿಗೆ ಉಪ್ಪು ಸಾಲದು ಎಂದಾಗ, ಹಾಗಾದರೆ ಮತ್ತೆ ಮತ್ತೆ ಯಾಕೆ ಹಾಕಿಸಿಕೊಂಡಿರಿ ಎಂದು ಕೇಳಿಬಿಟ್ಟಿದ್ದೆ. ತಪ್ಪೇನು? ಆದರೆ ಈ ಹುಡುಗ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನನಗೆ ಹಿಡಿಸಿಬಿಟ್ಟ. ಈ ಸಲ ಬಾಯಿಗೆ ಬೀಗ ಹಾಕಿಕೊಳ್ಳಲು ನಾನೂ ಮನಸ್ಸು ಮಾಡಿದೆ.

ಮಂಡಕ್ಕಿ, ಮಿರ್ಚಿ, ಚಹಾ ಸುಸೂತ್ರವಾಗಿ ಮುಗಿದವು. ನಾನು ಹೆಸರು ಹೇಳಿ ತಲೆ ಬಗ್ಗಿಸಿದೆ. ಹುಡುಗನೂ ಹೆಸರು ಹೇಳಿ ತಲೆ ಬಗ್ಗಿಸಿದ. ಅಷ್ಟರಲ್ಲಿ ಅವರ ಬಸ್ಸು ತಪ್ಪಿತು, ಮುಂದಿನದು ಸಂಜೆಗೆ. ಕರೆಂಟು ಹೋಗಿ ಮನೆಯೊಳಗೆ ಬೆವರು ಧಾರಾಕಾರ. ಬಂದವರ ಮುಂದೆ ದೊಡ್ಡಸ್ತಿಕೆ ತೋರಿಸಲು ಅಪ್ಪ, "ನಡೀರಿ, ಟಾಕೀಸಿನ್ಯಾಗ ಕುಂದ್ರೋಣು. ಜನರೇಟರ್ ಐತಿ, ಫ್ಯಾನ್ ಐತಿ. ಭಕ್ತಿ ಪಿಚ್ಚರ್ ಹಾಕ್ಯಾರ" ಎಂದು ಎಲ್ಲರನ್ನೂ ಮ್ಯಾಟಿನಿಗೆ ಹೊರಡಿಸಿದ.

ಭಕ್ತಿ ಪಿಚ್ಚರಿನ ರೀಲು ಡಬ್ಬಿ ಬಂದೇ ಇರಲಿಲ್ಲ. ಅದರ ಬದಲು ಅಮೆರಿಕದ ಯಾವುದೋ ಬಡಪಾಯಿ ಕೊಲೆ ಪಿಚ್ಚರ್ ಹಾಕಿದ್ದಾರೆಂದು ತಿಳಿದದ್ದು ಒಳಗೆ ಕೂತ ಮೇಲೆ.

ಗಿಡ್ಡ ಗೋಡೆಯ ಆಚೆ ಗಂಡಸರು, ಈಚೆ ಹೆಂಗಸರು. ನನ್ನ ಒಂದು ಮಗ್ಗುಲಿಗೆ ಅವ್ವ, ಇನ್ನೊಂದು ಮಗ್ಗುಲಿಗೆ ಹುಡುಗನ ತಾಯಿ. ಮೊದಲ ಸೀನಿನಲ್ಲೇ ಒಂದು ಜೋಡಿ ತುಂಡು ಬಟ್ಟೆಯಲ್ಲಿ ಕೆರೆಗೆ ಹಾರಿತು. ಅವ್ವ ತನ್ನ ಸೆರಗಿನಿಂದ ನನ್ನ ಮುಖ ಮುಚ್ಚಿ, ತಾನು ನೋಡುತ್ತಾ ಕೂತಳು. ಆಚೆ ಅಪ್ಪ "ಏಳ್ರಿ, ಹೋಗೋಣು" ಎಂದು ಎದ್ದ. "ಕುಂದ್ರಪೋ ಯಜಮಾನ, ಅಡ್ಡ ಬರಬ್ಯಾಡ" ಎಂದು ಹಿಂದಿನವರು ಕೂಗಿ ಕೂರಿಸಿದರು.

ಆಮೇಲೆ ಕೊಲೆಗಾರ ಬಂದ. ತಲೆಗೆ ಗೋಣಿಚೀಲ, ಕೈಯಲ್ಲಿ ಕೊಡಲಿ, ಸುತ್ತ ಮಳೆ. ಟಾಕೀಸು ಗೊಳ್ಳೆಂದು ನಕ್ಕಿತು. ಮಳೆ ಬಂದರೆ ಗೋಣಿಚೀಲ ಮಡಚಿ ಕೊಪ್ಪೆ ಹಾಕಿಕೊಂಡು ಓಡಾಡುವ ಜನ ನಾವು. ಅವನಿಗೆ ಹೆದರುವುದು ಹೇಗೆ? "ಪಾಪ, ಹೊಲದಿಂದ ಬಂದಾನ, ಒಳಗ ಕರೀರಲೇ!" ಎಂದು ಯಾರೋ ಒದರಿದರು.

ಹುಡುಗನ ತಾಯಿ ಮಾತ್ರ ಮುಂದಕ್ಕೆ ಬಾಗಿ ಕೂತಿದ್ದರು. ಕೊಡಲಿ ಏಟಿಗೆ ಒಬ್ಬ ಹುಡುಗಿ ಸತ್ತುಬಿದ್ದಳು. "ಸತ್ತಾಕಿ ಹೊಟ್ಟಿ ಅಲ್ಲಾಡಾಕ ಹತ್ತೈತಲ್ಲ" ಎಂದು ಅವರು ತಮ್ಮಷ್ಟಕ್ಕೇ ಗೊಣಗಿದರು. ನಾನೂ ಅದನ್ನೇ ನೋಡಿದ್ದೆ. ನಗು ತಡೆದು ನನ್ನ ಹೊಟ್ಟೆಯೂ ಅಲ್ಲಾಡುತ್ತಿತ್ತು. ಅವ್ವ ತೊಡೆ ಚಿವುಟಿದಳು.

ಕಡೆಗೆ ಒಬ್ಬಳೇ ಹುಡುಗಿ ಉಳಿದಳು. ಅಷ್ಟು ದೊಡ್ಡ ಮನೆ, ಒಂದು ದೀಪ ಹಾಕುವ ಬುದ್ಧಿ ಬೇಡವೇ ಆ ಪುಣ್ಯಾತಗಿತ್ತಿಗೆ! ಓಡಿಬಂದು ಬಾಗಿಲಿಗೆ ಚಿಲಕ ಹಾಕಿ ಉಸಿರು ಬಿಟ್ಟಳು. "ಹಾಂ, ಬದುಕಿದಿ ನನ್ನ ಮಗಳ" ಎಂದರು ಹುಡುಗನ ತಾಯಿ. ಆದರೆ ಕಿಟಕಿಯ ಪರದೆ ಕೆಳಗೆ ಕೊಲೆಗಾರನ ಬೂಟು ಕಾಣುತ್ತಿತ್ತು. ಇವರು ನೋಡೇ ಇಲ್ಲ. ಅಯ್ಯೋ, ಇದನ್ನು ಹೇಗೆ ತಡೆದುಕೊಳ್ಳಲಿ?

"ಅತ್ತೀ, ಒಳಗ ಅದಾನ್ರೀ! ಬೂಟು ನೋಡ್ರಿ, ಬೂಟು!" ಎಂದು ಟಾಕೀಸಿಗೆಲ್ಲ ಕೇಳುವಂತೆ ಕಿರುಚಿದೆ.

ಮಾತುಕತೆಯೇ ಆಗಿಲ್ಲ, ಆಗಲೇ ಅತ್ತಿ! ಗಂಡಸರ ಕಡೆಯಿಂದ ಸಿಳ್ಳೆ ಬಿತ್ತು. ಅವ್ವ ಹಣೆ ಚಚ್ಚಿಕೊಂಡಳು. ಹುಡುಗನ ತಾಯಿ ಮಾತ್ರ ದಿಗ್ಗನೆ ಎದ್ದು, "ಓಡಲೇ ಹುಡುಗೀ, ಹಿಂದ ಅದಾನ!" ಎಂದು ತೆರೆಗೆ ಕೈ ಬೀಸತೊಡಗಿದರು. ಮಾನ ಹೇಗೂ ಹೋಯಿತು ಎಂದು ನಾನೂ ಎದ್ದೆ. ಪಿಚ್ಚರ್ ಮುಗಿಯುವವರೆಗೂ ಇಬ್ಬರೂ ಕೂರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ನನಗೆ ಅಳು ಒತ್ತರಿಸಿ ಬಂತು. ಈ ಹುಡುಗನೂ ಕೈತಪ್ಪಿದ ಅನಿಸಿತು. ಅವ್ವ ಕೈಮುಗಿದು, "ತಪ್ಪು ತಿಳ್ಕಾಬ್ಯಾಡ್ರಿ, ಹುಡುಗಿಗೆ ಮಾತು ಸ್ವಲ್ಪ ಜಾಸ್ತಿ" ಎಂದಳು.

"ಇರ್ಲಿ ಬಿಡ್ರಿ" ಎಂದರು ಹುಡುಗನ ತಾಯಿ. "ನಮ್ಮನ್ಯಾಗ ಅಪ್ಪ, ಮಗ ಇಬ್ರೂ ಮೂಕಬಸವಣ್ಣಗಳು. ಉಣ್ಣಾಕ ಕರದ್ರ ಬರ್ತಾರ, ಉಂಡು ಹೋಗ್ತಾರ. ಮದಿವಿ ಆದಾಗಿಂದ ನಾನು ಗ್ವಾಡಿ ಕೂಡ ಮಾತಾಡೀನ್ರಿ. ಇವತ್ತು ಒಬ್ಬಾಕಿ ತಿರುಗಿ ಮಾತಾಡಿದ್ಲು." ಟಾಕೀಸು ನಡುಗಿಸಿದ್ದ ಅವರ ದನಿ ಈಗ ಸಣ್ಣಗಾಗಿತ್ತು.

ಅಷ್ಟರಲ್ಲಿ ಮಗ ಮೂಕಬಸವಣ್ಣ ತಂದೆಯ ಹಿಂದಿನಿಂದ ಮುಂದೆ ಬಂದ. ಅವನು ಪಿಚ್ಚರಿನುದ್ದಕ್ಕೂ ಕಣ್ಣು ಮುಚ್ಚಿಕೊಂಡು ನಮ್ಮಪ್ಪನ ತೋಳು ಹಿಡಿದು ಕೂತಿದ್ದನಂತೆ. ಎಲ್ಲರ ಎದುರಿಗೆ ನನ್ನನ್ನೇ ನೋಡಿ, "ಆ ಹುಡುಗಿ ಕೊನಿಗೆ ಉಳಿದ್ಲೇನ್ರಿ?" ಎಂದು ಕೇಳಿದ.

ನಾನು ಅವ್ವನ ಮುಖ ನೋಡಿದೆ. ಚಿವುಟಿ ಚಿವುಟಿ ತೊಡೆ ಕೆಂಪು ಮಾಡಿದ್ದ ಅದೇ ಕೈಯಿಂದ ಅವಳು ನನ್ನ ಬೆನ್ನು ಮುಂದಕ್ಕೆ ನೂಕಿದಳು.

"ಹೇಳವಾ" ಎಂದಳು. "ಬಸ್ಸು ಬರೋತನಕ ಹೇಳು."