ಮೆಟಡೋರಿನ ಕಟಕಟ

ಬಟ್ಟೆ ಒಗೆಯುವ ಯಂತ್ರ ಕೊನೆಯ ಸುತ್ತಿಗೆ ಬಂದಾಗ ಕಟಕಟ ಎನ್ನತೊಡಗುತ್ತದೆ. ಅದು ಇರುವುದು ಹಿತ್ತಲಲ್ಲಿ, ಆದರೆ ಬಟ್ಟೆ ಹಿಂಡುವ ಆ ಸ್ವಲ್ಪ ಹೊತ್ತು ನಮ್ಮ ಚಳ್ಳಕೆರೆಯ ಮನೆಯೇ ಹಳೆಯ ವಾಹನದಂತೆ ಎಲ್ಲಿಗೋ ಹೊರಟು ನಡುಗುತ್ತದೆ. ನಾನು ಓದುತ್ತಿದ್ದರೂ ಉಣ್ಣುತ್ತಿದ್ದರೂ ಎದ್ದು ಹೋಗುತ್ತೇನೆ. ಹಿಂದೆ ಇಣುಕುತ್ತೇನೆ, ಪೈಪು ಅಲ್ಲಾಡಿಸುತ್ತೇನೆ, ಕಿವಿಯನ್ನು ತಗಡಿಗೆ ಹಚ್ಚುತ್ತೇನೆ. ನಾನು ಬಗ್ಗಿದ್ದು ಸಾಕೆನಿಸಿದ ಮೇಲೆ ನನ್ನ ಹೆಂಡತಿ ಪಾಲಮ್ಮ ಬಂದು, ಜಾರಿ ಹೊರಬಂದ ಒಂದು ಕರೀ ಕಲ್ಲನ್ನು ಕಾಲಿನಿಂದಲೇ ಯಂತ್ರದ ಬುಡಕ್ಕೆ ಒತ್ತುತ್ತಾಳೆ. ಸದ್ದು ನಿಲ್ಲುತ್ತದೆ. ಆ ಕಲ್ಲು ಎಲ್ಲಿಂದ ಬಂತು ಎಂಬುದನ್ನು ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಬಹಳ ಜನಕ್ಕೆ ಹೇಳಿದ್ದೇನೆ. ನಿಮಗೂ ಹೇಳುತ್ತೇನೆ. ಆದರೆ ಈ ಸಲ ಅದು ಮೊದಲಿನಂತೆ ಮುಗಿಯಲಿಲ್ಲ.

ಹೋದ ವಾರ ಪಾಲಮ್ಮನ ತಂಗಿಯ ಮಗ ಬಂದಿದ್ದ. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಒಬ್ಬ ಹುಡುಗ, ಒಬ್ಬ ಹುಡುಗಿ, ಒಂದು ವ್ಯಾನು. ಒಳಗೆ ಹಾಸಿಗೆ, ಬಿಳಿ ಪರದೆ, ಸಾಲಾಗಿ ಸಣ್ಣ ದೀಪಗಳು. ಬೆಟ್ಟದ ತುದಿಯಲ್ಲಿ ಹಿಂಬಾಗಿಲು ತೆರೆದು, ಕಾಲು ಇಳಿಬಿಟ್ಟುಕೊಂಡು ಇಬ್ಬರೂ ಕಾಫಿ ಕುಡಿಯುತ್ತಾರೆ. ಮನೆ ಬೇಡ, ಕರೆಂಟು ಬೇಡ, ಇದೇ ಸ್ವಾತಂತ್ರ್ಯ ಎನ್ನುತ್ತಾರೆ. ಪಾಲಮ್ಮ ಕನ್ನಡಕ ಹಾಕಿಕೊಂಡು ಕೊನೆಯವರೆಗೆ ನೋಡಿದಳು. ನೋಡಿ ಕೇಳಿದ್ದು ಒಂದೇ ಮಾತು: "ಇವ್ರು ನೀರಿಗೆ ಎಲ್ಲಿಗೋಗ್ತಾರೆ?"

ನಾವೂ ಹಾಗೆ ಇದ್ದವರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ವರ್ಷಕ್ಕಿಂತ ಜಾಸ್ತಿ, ಎರಡು ವರ್ಷಕ್ಕಿಂತ ಕಡಿಮೆ. ಪಾಲಮ್ಮನನ್ನು ಕೇಳಿದರೆ ಏಳೆಂಟು ವರ್ಷ ಎನ್ನುತ್ತಾಳೆ. ಮೊಳಕಾಲ್ಮುರು ಕಡೆಯ ಬೋಳು ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಬಹುದೇ ಎಂದು ನೋಡಲು ಒಂದು ಕಂಪನಿ ಉದ್ದನೆಯ ಕಂಬಗಳನ್ನು ನೆಡುತ್ತಿತ್ತು. ಕಂಬದ ತುದಿಯಲ್ಲಿ ತಿರುಗುವ ಬಟ್ಟಲುಗಳು, ಬುಡದಲ್ಲಿ ಒಂದು ಪೆಟ್ಟಿಗೆ. ಗಾಳಿ ಎಷ್ಟು ಬೀಸಿತೆಂದು ಪೆಟ್ಟಿಗೆ ತಾನೇ ಅಳೆದಿಡುತ್ತಿತ್ತು. ಅದರ ಬ್ಯಾಟರಿಯನ್ನೂ ಕಂಬ ಹಿಡಿದ ತಂತಿಗಳನ್ನೂ ಯಾರೂ ಬಿಚ್ಚಿಕೊಂಡು ಹೋಗದಂತೆ ಕಾಯುವುದು ನನ್ನ ಕೆಲಸ. ಕಂಬ ಇನ್ನೊಂದು ಗುಡ್ಡಕ್ಕೆ ಹೋದರೆ ನಾನೂ ಕಂಪನಿ ಕೊಟ್ಟ ಮೆಟಡೋರ್ ವ್ಯಾನು ಓಡಿಸಿಕೊಂಡು ಆ ಗುಡ್ಡಕ್ಕೆ. ಮೊದಲ ಗುಡ್ಡದಲ್ಲಿ ಆಡು ಹೊಡೆದುಕೊಂಡು ಬಂದ ಮುದುಕನೊಬ್ಬ, "ಎವರು ಬಾಬೂ ಮೀರು? ಏನ್ ಕಾಯ್ತಾ ಇದೀಯ?" ಎಂದು, ಯಾರು ನೀವು ಎಂಬುದನ್ನು ತೆಲುಗಿನಲ್ಲೂ ಉಳಿದದ್ದನ್ನು ಕನ್ನಡದಲ್ಲೂ ಕೇಳಿದ. ಗಾಳಿ ಎಂದೆ. ಅವನು ಬಹಳ ಹೊತ್ತು ಕಂಬದ ತುದಿ ನೋಡಿ, "ಗಾಳೀನ ಯಾರ್ ಕದೀತಾರಪ್ಪ" ಎಂದು ಆಡಿನ ಹಿಂದೆ ಹೋದ. ನನ್ನ ಉದ್ಯೋಗದ ಬಗ್ಗೆ ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ಕಂಪನಿಯವರೂ ಕೇಳಿರಲಿಲ್ಲ.

ಮದುವೆ ಮಾತಿನ ದಿನ ಪಾಲಮ್ಮನ ಊರು ನನ್ನಿವಾಳದಲ್ಲಿ ನಾನು ಜಂಬ ಕೊಚ್ಚಿದ್ದೆ: ನನಗೆ ಮನೆ ಇದೆ, ಅದಕ್ಕೆ ನಾಲ್ಕು ಗಾಲಿ ಇವೆ. ಎಲ್ಲರೂ ನಕ್ಕರು, ಅತ್ತೆಯೊಬ್ಬರನ್ನು ಬಿಟ್ಟು. ಅವರದು ಕುರಿ ಕಾಯುವ ಮನೆತನ. ಪ್ರಾಯವೆಲ್ಲ ಮಂದೆಯ ಹಿಂದೆ ನಡೆದು, ಇವತ್ತು ಇವರ ಹೊಲ ನಾಳೆ ಅವರ ಹೊಲ ಎಂದು ಬಯಲಲ್ಲೇ ಮಲಗಿ ಎದ್ದು, ಮೊಣಕಾಲು ಸೋತ ಮೇಲೆ ಊರಲ್ಲಿ ಶೀಟಿನ ಮನೆ ಕಟ್ಟಿಕೊಂಡವರು. ಮಗಳಿಗೆ ಆ ಬಾಳು ಬೇಡವೆಂದೇ ಡ್ರೈವರ್ ಗಂಡನ್ನು ಒಪ್ಪಿದ್ದರು. ನನ್ನ ಮಾತು ಕೇಳಿ, "ಕುರೀನೂ ಇಲ್ದೆ ಮಂದೆ ಹಿಂದೆ ಹೋದಂಗಾತಲ್ಲಪ್ಪ" ಎಂದರು. ವರ್ಷದೊಳಗೆ ಚಳ್ಳಕೆರೆಯಲ್ಲಿ ಬಾಡಿಗೆ ಮನೆ ಹಿಡಿಯುತ್ತೇನೆ ಎಂದು ಮಾತು ಕೊಟ್ಟೆ. ಬಾಗಿಲ ಹಿಂದೆ ನಿಂತಿದ್ದ ಪಾಲಮ್ಮ ನನ್ನ ಅಷ್ಟೂ ಮಾತಿನಲ್ಲಿ ಕೇಳಿಸಿಕೊಂಡದ್ದು ಅದೊಂದನ್ನೇ.

ಮೆಟಡೋರು ನೀಲಿ. ಪಾಲಮ್ಮ ಬಿಳಿ ಎನ್ನುತ್ತಾಳೆ. ಬರೆಯುತ್ತಿರುವವನು ನಾನಾದ್ದರಿಂದ ನೀಲಿಯೇ ಇರಲಿ, ನೀವು ಬೇಕಾದರೆ ಎರಡನ್ನೂ ಬೆರೆಸಿಕೊಳ್ಳಿ. ಹಿಂದಿನ ಸೀಟು ಕಿತ್ತು ಹಲಗೆ ಹಾಕಿಸಿದ್ದೆ. ಹಲಗೆಯ ಮೇಲೆ ಹಾಸಿಗೆ, ಕೆಳಗೆ ರಾಗಿಹಿಟ್ಟಿನ ಡಬ್ಬ, ಪಾತ್ರೆ, ಬಟ್ಟೆಗಂಟು, ಎಲ್ಲದರ ಹಿಂದೆ ಸ್ಟೆಪ್ನಿ ಟೈರು. ಮೊದಲ ದಿನಗಳು ಚೆನ್ನಾಗಿದ್ದವು. ಬೆಳಿಗ್ಗೆ ಹಿಂಬಾಗಿಲು ತೆಗೆದರೆ ಆಂಧ್ರದವರೆಗೆ ಕಾಣುತ್ತಿತ್ತು. ಕಾಲು ಇಳಿಬಿಟ್ಟು ನಾವೂ ಟೀ ಕುಡಿದಿದ್ದೇವೆ. ವಿಡಿಯೋ ತೆಗೆಯುವುದು ಆ ದಿನಗಳಲ್ಲೇ ಇರಬೇಕು.

ಆಮೇಲಿನದನ್ನು ಯಾರೂ ತೋರಿಸುವುದಿಲ್ಲ. ಬೇರೆಯವರು ಗಾಳಿ ಕಡಿಮೆ ಇರುವ ಜಾಗ ನೋಡಿ ಬಿಡಾರ ಹೂಡುತ್ತಾರೆ, ನಾವು ಗಾಳಿ ಹೆಚ್ಚಿರುವ ಜಾಗವನ್ನೇ ಹುಡುಕಿ ಹೂಡುತ್ತಿದ್ದೆವು. ಮುದ್ದೆಯಲ್ಲಿ ಮಣ್ಣು, ಕಣ್ಣಲ್ಲಿ ಮಣ್ಣು, ಒಗೆದ ಬಟ್ಟೆ ಒಣಗುವಷ್ಟರಲ್ಲಿ ಮತ್ತೆ ಕೆಂಪು. ಮಧ್ಯಾಹ್ನ ಮೆಟಡೋರಿನ ಒಳಗೆ ಕೂರುವಂತಿಲ್ಲ, ರೊಟ್ಟಿ ಬೇಯುತ್ತದೆ. ಹೊರಗೆ ಮರವಿಲ್ಲ. ಇದ್ದ ನೆರಳು ಮೆಟಡೋರಿನದೇ, ಅದು ಸರಿದಂತೆ ಚಾಪೆ ಸರಿಸುತ್ತ ದಿನಕ್ಕೊಮ್ಮೆ ನಮ್ಮ ಮನೆಗೆ ನಾವೇ ಪ್ರದಕ್ಷಿಣೆ ಬರುತ್ತಿದ್ದೆವು. ನೀರಿಗೆ ಗುಡ್ಡ ಇಳಿಯಬೇಕು, ಹತ್ತಿ ಬರುವಷ್ಟರಲ್ಲಿ ತಂದವರಿಗೇ ಅರ್ಧ ಬಿಂದಿಗೆ ಬೇಕು. ಸ್ನಾನಕ್ಕೆಂದು ಸೀರೆ ಕಟ್ಟಿ ಮರೆ ಮಾಡಿದರೆ ಗಾಳಿ ಅದನ್ನು ಎತ್ತಿಕೊಂಡು ಹೋಗಿ ಜಾಲಿಗಿಡಕ್ಕೆ ಸಿಕ್ಕಿಸುತ್ತಿತ್ತು. ಬೆಳಕು ಹರಿಯುವ ಮುಂಚೆ ಪಾಲಮ್ಮ ಬಂಡೆಗಳ ಮರೆ ಹುಡುಕಿಕೊಂಡು ಹೋಗಬೇಕಿತ್ತು. ಒಂದು ಗುಡ್ಡದ ಬಂಡೆಗಳು ಪರಿಚಯವಾಗುವ ಹೊತ್ತಿಗೆ ಇನ್ನೊಂದು ಗುಡ್ಡ.

ಎಲ್ಲಕ್ಕಿಂತ ದೊಡ್ಡ ಕಷ್ಟ ನನಗೆ ಹೊಳೆದದ್ದು ತಡವಾಗಿ. ಅಲ್ಲಿ ಇನ್ನೊಂದು ಕೋಣೆ ಇರಲಿಲ್ಲ. ಕಣ್ಣು ಹಾಯಿಸಿದಷ್ಟೂ ಬಯಲು, ಒಂದು ನರಪಿಳ್ಳೆ ಇಲ್ಲ, ಆದರೂ ಒಬ್ಬರೇ ಇರಲು ಜಾಗವಿಲ್ಲ. ಜಗಳವಾದರೆ ಎದ್ದು ಹೋಗುವುದೆಲ್ಲಿಗೆ? ನಾನು ಮುಂದೆ ಹೋಗಿ ಸ್ಟೇರಿಂಗ್ ಹಿಡಿದು ಕೂರುತ್ತಿದ್ದೆ, ಅವಳು ಹಿಂದೆ ಹಲಗೆಯ ಮೇಲೆ. ನಿಂತ ಗಾಡಿಯಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಕೂತದ್ದನ್ನು ದೂರದಿಂದ ಕಂಡವರಿಗೆ ಯಾವುದೋ ಊರಿಗೆ ಹೊರಟವರಂತೆ ಕಾಣುತ್ತಿದ್ದೆವೇನೋ. ಹಿಂಬಾಗಿಲ ಕೊಂಡಿ ಮುರಿದಿತ್ತು. ಹಗ್ಗ ಕಟ್ಟಿಕೊಂಡಿದ್ದೆವು. ಅದನ್ನು ಹೊರಗಿನಿಂದ ಯಾರು ಬೇಕಾದರೂ ಬಿಚ್ಚಬಹುದಿತ್ತು, ಗಾಳಿಯೂ.

ವರ್ಷ ತುಂಬಿತು. ಇದೊಂದು ಗುಡ್ಡ ಮುಗಿಯಲಿ ಎಂದೆ. ಅದು ಮುಗಿದ ಮೇಲೆ ಇನ್ನೊಂದಕ್ಕೂ ಹಾಗೇ ಎಂದೆ. ಪಾಲಮ್ಮ ಮಾತು ಕಡಿಮೆ ಮಾಡಿದಳು. ಕಟಕಟ ಶುರುವಾದದ್ದು ಸುಮಾರು ಆ ಹೊತ್ತಿಗೆ.

ಗುಡ್ಡದಿಂದ ಗುಡ್ಡಕ್ಕೆ ಹೊರಟಾಗ ಗಾಡಿಯ ಹಿಂಭಾಗದಲ್ಲಿ ಏನೋ ಬಡಿದುಕೊಳ್ಳುತ್ತಿತ್ತು. ಹಳ್ಳ ಬಂದರೆ ಕಟ್, ಹಂಪು ಬಂದರೆ ಕಟಕಟ. ನಿಲ್ಲಿಸಿ ಕೆಳಗೆ ತೂರಿ ನೋಡಿದೆ, ಏನೂ ಇಲ್ಲ. ಸೈಲೆನ್ಸರಿಗೆ ತಂತಿ ಬಿಗಿದೆ. ಸ್ಪ್ರಿಂಗಿಗೆ ಗ್ರೀಸು ಹಾಕಿದೆ. ಚಳ್ಳಕೆರೆಯ ಮೆಕ್ಯಾನಿಕ್ ಬಾಷಾನ ಹತ್ತಿರ ಒಯ್ದೆ. ಕಂಬ ಕಾಯಲು ಒಬ್ಬರು ಇರಲೇಬೇಕಾದ್ದರಿಂದ ಪಾಲಮ್ಮನನ್ನು ಬಿಡಾರದಲ್ಲಿ ಬಿಟ್ಟು ಹೋಗಿದ್ದೆ. ವಿಚಿತ್ರವೆಂದರೆ ದಾರಿಯುದ್ದಕ್ಕೂ ಗಾಡಿ ಬೆಣ್ಣೆಯಂತೆ ಓಡಿತು. ಬಾಷಾ ಗಾಡಿಯ ಕೆಳಗಿನಿಂದಲೇ, "ಬರಾಬರ್ ಐತೆ ಭಾಯ್, ಆವಾಜ್ ನಿಮ್ಮ ತಲೇಲಿ ಐತೆ" ಎಂದ. ಮರಳಿ ಬಂದು, ಮುಂದಿನ ಗುಡ್ಡಕ್ಕೆ ಇಬ್ಬರೂ ಹೊರಟ ದಿನ ಮತ್ತೆ ಕಟಕಟ. ಎರಡನೆಯ ಸಲವೂ ಹೀಗೇ ಆದಾಗ ನಾನು ಲೆಕ್ಕ ಹಾಕಿ ಬಾಷಾನಿಗೆ ಹೇಳಿದೆ: ನನ್ನ ಹೆಂಡತಿ ಕೂತಾಗ ಮಾತ್ರ ಸದ್ದು ಬರುತ್ತದೆ.

ಅವನು ಕೈ ಒರೆಸಿಕೊಂಡು, "ಅದು ಎಲ್ಲಾ ಗಾಡೀಲೂ ಹಂಗೇ ಭಾಯ್, ರಿಪೇರಿ ಇಲ್ಲ" ಎಂದ.

ನಾನು ನಗಲಿಲ್ಲ. ಮುಂದಿನ ಪ್ರಯಾಣದಲ್ಲಿ ಪಾಲಮ್ಮನನ್ನು ಎಡಕ್ಕೆ ಕೂರಿಸಿ, ಬಲಕ್ಕೆ ಕೂರಿಸಿ, ಕೊನೆಗೆ ಬಳೆ ತೆಗೆದಿಡು ಎಂದೂ ಹೇಳಿದೆ. ಅವಳು ತೆಗೆದಿಟ್ಟಳು.

ಕುದಾಪುರದ ಹತ್ತಿರ ಹೊಸ ಕಂಬ ನೆಡುತ್ತಾರೆ ಎಂದು ಸುದ್ದಿ ಬಂದ ಬೆಳಿಗ್ಗೆ ಅವಳು ಪಾತ್ರೆ ತುಂಬುತ್ತ ಹೇಳಿದಳು: "ನನ್ನ ನನ್ನಿವಾಳಕ್ಕೆ ಬಿಟ್ಟೋಗ್ರಿ. ನೀವು ಗಾಳಿ ಕಾಯ್ರಿ." ದನಿ ಎತ್ತರಿಸದೆ ಹೇಳಿದ್ದರಿಂದ ಅದು ನಿಜವೆಂದು ಗೊತ್ತಾಯಿತು. ಕಂಬದ ಸಾಮಾನು ಇಳಿಸಿ ಆಮೇಲೆ ಬಿಡುತ್ತೇನೆ ಎಂದೆ. ದಾರಿಯುದ್ದಕ್ಕೂ ಗಾಡಿ ಮಾತ್ರ ಮಾತಾಡಿತು, ಕಟಕಟ ಎಂದು. ವರವು ಕಾವಲು ಎಂಬ ಹುಲ್ಲುಗಾವಲಿನ ನಡುವೆ ಹಿಂದಿನ ಟೈರು ಪಂಕ್ಚರ್ ಆಯಿತು. ಆಗ ಅಲ್ಲಿ ಈಗಿನಂತೆ ಸರ್ಕಾರಿ ಸಂಸ್ಥೆಗಳ ಗೋಡೆಗಳಿರಲಿಲ್ಲ, ಎತ್ತ ನೋಡಿದರೂ ಹುಲ್ಲು. ಸ್ಟೆಪ್ನಿಗಾಗಿ ಡಬ್ಬ, ಗಂಟು, ಪಾತ್ರೆ ಎಲ್ಲ ಇಳಿಸಿ ಟೈರು ಎಳೆದೆ. ಅದರ ಹಿಂದಿನ ಗುಂಡಿಯಲ್ಲಿ ಒಂದು ಕಲ್ಲು. ಒಂದು ಮಗ್ಗುಲು ಮಸಿ ಹಿಡಿದು ಕಪ್ಪಗಿತ್ತು.

ಪ್ರತಿ ಬಿಡಾರದಲ್ಲೂ ಒಲೆಗೆಂದು ನಾನು ಕಲ್ಲು ಹುಡುಕಿ ತರುತ್ತಿದ್ದೆ. ಎರಡು ತಂದರೆ ಸಾಕು ಎನ್ನುತ್ತಿದ್ದಳು ಪಾಲಮ್ಮ. ಮೂರನೆಯದು ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಗಾಡಿಯ ಕೆಳಗೆಲ್ಲ ತೂರಿದವನು ಹಾಸಿಗೆಯ ಕೆಳಗೆ ನೋಡಿರಲಿಲ್ಲ, ಅದು ಅವಳ ಅಡುಗೆಮನೆ. ಕಲ್ಲನ್ನು ಹಿಡಿದು ಅವಳತ್ತ ನೋಡಿದೆ. ಅವಳು ಹುಲ್ಲಿನಲ್ಲಿ ಕೂತವಳು ತಲೆ ಎತ್ತಿ ಹೇಳಿದಳು: "ಒಲೆ ಒಂದೇ ಇದ್ರೆ ಮನೇನೂ ಒಂದೇ ಅಂತ ನಮ್ಮವ್ವ ಹೇಳ್ತಿದ್ಲು."

ನಾನು ಜನಕ್ಕೆ ಹೇಳುತ್ತಿದ್ದದ್ದು ಹೀಗೆ. ಇಲ್ಲಿಗೆ ಬಂದಾಗ ಕ್ಷೌರದ ಅಂಗಡಿಯಲ್ಲೂ ಕತ್ತರಿ ನಿಲ್ಲುತ್ತಿತ್ತು.

ಕುದಾಪುರದಲ್ಲಿ ಸಾಮಾನು ಇಳಿಸಿ, ಬೇರೆ ಆಳು ನೋಡಿಕೊಳ್ಳಿ ಎಂದು ಹೇಳಿ ಬಂದೆ. ಅದೇ ವಾರ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದೆ ಒಂದು ಕೋಣೆ ಹಿಡಿದೆವು. ಗೋಡೆಗೂ ಶೇಂಗಾ ಹಿಂಡಿಯ ವಾಸನೆ. ಸಾಮಾನು ಒಳಗಿಟ್ಟ ಮೇಲೆ ಪಾಲಮ್ಮ ಬಾಗಿಲಿನ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದಳು. ಆಮೇಲೆ, "ಸ್ವಲ್ಪ ಹೊರಗೆ ಕೂತಿರ್ರಿ" ಎಂದಳು. ನಾನು ಹೊರಗೆ ಹೋದೆ. ಒಳಗಿನಿಂದ ಚಿಲಕ ಬಿತ್ತು. ಇಳಿಹೊತ್ತಿನವರೆಗೆ ತೆಗೆಯಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೇ ಇದ್ದೆ. ಮಿಲ್ಲಿನ ಹೆಂಗಸರು ಹೋಗುತ್ತ ಬರುತ್ತ ನನ್ನನ್ನು ನೋಡಿ, ಬಂದ ದಿನವೇ ಹೊರಗೆ ಹಾಕಿದ್ದಾಳೆ ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಳಗೆ ಅತ್ತಳೋ, ನಿದ್ದೆ ಮಾಡಿದಳೋ, ಸುಮ್ಮನೆ ಗೋಡೆ ನೋಡುತ್ತ ಕೂತಿದ್ದಳೋ, ನಾನು ಕೇಳಿಲ್ಲ. ಹೊರಬಂದಾಗ ಮುಖದಲ್ಲಿ ಚಾಪೆಯ ಗೆರೆಗಳಿದ್ದವು. ಇದೊಂದರ ಬಗ್ಗೆ ನಮ್ಮಿಬ್ಬರ ನೆನಪಿಗೂ ತಕರಾರಿಲ್ಲ. ಈಗಲೂ ಊಟವಾದ ಮೇಲೆ ಅವಳು ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಆ ಹೊತ್ತಿಗೆ ಬಂದ ನೆಂಟರೂ ನನ್ನ ಜೊತೆ ಹೊರಗೇ ಕೂರಬೇಕು.

ಇಲ್ಲಿಯವರೆಗೆ ಬರೆದು ನಿನ್ನೆ ಪಾಲಮ್ಮನಿಗೆ ಓದಿದೆ. ಹಿತ್ತಲಲ್ಲಿ ಯಂತ್ರ ತಿರುಗುತ್ತಿತ್ತು, ಅವಳು ಶೇಂಗಾ ಸುಲಿಯುತ್ತ ಕೇಳಿದಳು. ಕಲ್ಲು ಸಿಕ್ಕ ಜಾಗಕ್ಕೆ ಬಂದಾಗ ಸುಲಿಯುವುದು ನಿಲ್ಲಿಸಿದಳು.

"ನಮ್ಮವ್ವ ಹಂಗೆ ಎಂದೂ ಹೇಳಿಲ್ಲ" ಎಂದಳು. "ಮಂದೆ ಏಳೋ ಹೊತ್ತಿಗೆ ಒಲೆಕಲ್ಲು ಕಾಲಾಗೆ ಒದ್ದು ಬಾ ಅಂತಿದ್ಲು. ಹಿಂದಕ್ಕೆ ನೋಡಬ್ಯಾಡ ಅಂತಿದ್ಲು."

ಹಾಗಾದರೆ ಅವತ್ತು ನೀನು ಹೇಳಿದ್ದೇನು ಎಂದೆ.

"ಸ್ಟೆಪ್ನೀಲಿ ಗಾಳಿ ಐತಾ ನೋಡ್ರಿ ಅಂದೆ."

ಮತ್ತೆ ಆ ಕಲ್ಲು? ಅದನ್ನು ಅಲ್ಲಿಟ್ಟದ್ದು ಯಾಕೆ?

"ಗಾಡಿ ಕೆಟ್ಟೈತೆ ಅಂತ ನೀವು ಕಂಪನಿಯೋರಿಗೆ ವಾಪಸ್ ಕೊಡ್ಲಿ ಅಂತ. ಗಾಡಿ ಹೋದ್ರೆ ಮನೆ ಮಾಡ್ಲೇಬೇಕಲ್ಲ."

ನನ್ನ ಕಥೆಯನ್ನು ಉಳಿಸಿಕೊಳ್ಳಲು ವಕೀಲನಂತೆ ವಾದಿಸಿದೆ. ಹಾಗಿದ್ದರೆ ನಾನು ಮೆಕ್ಯಾನಿಕ್ ಹತ್ತಿರ ಹೋಗುವಾಗಲೆಲ್ಲ ಅದನ್ನು ತೆಗೆದು ಒಲೆಗೆ ಇಟ್ಟುಕೊಂಡದ್ದೇಕೆ, ಸದ್ದು ಬರುವಂತೆ ಬಿಡಬೇಕಿತ್ತಲ್ಲ ಎಂದೆ.

"ಬಿಟ್ಟಿದ್ರೆ ಬಾಷಣ್ಣ ಒಂದು ಗಳಿಗೇಲಿ ಹುಡುಕಿಬಿಡ್ತಿದ್ದ. ನಿಮಗಾದ್ರೆ ಸಿಗಾಕಿಲ್ಲ ಅಂತ ಗೊತ್ತಿತ್ತು."

ಯಾವುದನ್ನು ನಂಬಲಿ, ನೀವೇ ಹೇಳಿ. ಮಸಿ ನನ್ನ ಪರ ಸಾಕ್ಷಿ ಹೇಳುತ್ತದೆ, ಕಟಕಟ ಅವಳ ಪರ. ಅವಳೂ ಇದನ್ನು ಆಮೇಲೆ ಯಾವಾಗಲೋ ಕಟ್ಟಿಕೊಂಡಿರಬಹುದು. ಯಾರಿಗಾದರೂ ತನ್ನ ದಣಿವನ್ನು ಒಂದು ಜಾಣತನವನ್ನಾಗಿ ನೆನಪಿಟ್ಟುಕೊಳ್ಳುವುದು ಹಗುರ. ನಾನು ಅವಳ ದಣಿವನ್ನು ಒಂದು ಒಳ್ಳೆಯ ಮಾತನ್ನಾಗಿ ಮಾಡಿ ಇಷ್ಟು ವರ್ಷ ಮಾರಿಕೊಂಡು ತಿರುಗಿದ್ದೇನೆ. ಸುಮ್ಮನಿರಲಾರದೆ ಇನ್ನೊಂದು ಕೇಳಿದೆ: ಮನೆ ಸಿಕ್ಕ ಮೇಲಾದರೂ ಎಸೆಯಬಹುದಿತ್ತಲ್ಲ, ಇನ್ನೂ ಯಾಕೆ ಇಟ್ಟುಕೊಂಡಿದ್ದೀಯ?

ಅವಳು ಮಡಿಲಿನ ಸಿಪ್ಪೆ ಕೊಡವಿ ಎದ್ದಳು. "ಕಟಕಟ ಅಂದ್ರೆ ನೀವು ಬಗ್ಗಿ ಬಗ್ಗಿ ಹುಡುಕ್ತೀರಲ್ಲ, ಅದನ್ನ ನೋಡಾಕೆ" ಎಂದು ಹೇಳಿ ಕೋಣೆಗೆ ಹೋದಳು. ಚಿಲಕ ಬಿತ್ತು. ಕೋಣೆಯ ಕಿಟಕಿ ಹಿತ್ತಲಿಗೆ ತೆರೆಯುತ್ತದೆ.

ಅಷ್ಟರಲ್ಲಿ ಯಂತ್ರ ಕೊನೆಯ ಸುತ್ತಿಗೆ ಬಂತು. ನಾನು ಎದ್ದು ಹೋದೆ. ಕಲ್ಲು ಕಣ್ಣೆದುರಿಗೇ ಬಿದ್ದಿತ್ತು, ಕಾಲಿಗೆ ತಾಗುವಷ್ಟು ಹತ್ತಿರ. ಕಿಟಕಿಯ ಕಡೆ ತಿರುಗಲಿಲ್ಲ. ಬಗ್ಗಿದೆ, ಹಿಂದೆ ಇಣುಕಿದೆ, ಪೈಪು ಅಲ್ಲಾಡಿಸಿದೆ, ಕಿವಿಯನ್ನು ತಗಡಿಗೆ ಹಚ್ಚಿ ಬಹಳ ಹೊತ್ತು ಹುಡುಕಿದೆ.