ಕಾಲುವೆಗೆ ಒಡ್ಡಿದ ಬೇಟೆಯ ಬಲೆ

ನಮ್ಮದು ಬೇಟೆಯಾಡುತ್ತಿದ್ದ ಮನೆತನ. ಈಗ ಕಾನೂನು ಬಿಡುವುದಿಲ್ಲ. ಕಂಪ್ಲಿಯ ಹತ್ತಿರ ಕಾಲುವೆ ದಂಡೆಯಲ್ಲಿ ಭತ್ತ ಬೆಳೆದುಕೊಂಡಿದ್ದೇವೆ. ಆದರೂ ಅಜ್ಜ ಪುಂಡಿ ನಾರಿನಲ್ಲಿ ಹೆಣೆದ ಬಲೆ ಅಟ್ಟದ ಮೇಲಿದೆ. ಅದಕ್ಕೆ ಅಪ್ಪನ ಕಾವಲು. ನಾನು ಕಸ ಹೊಡೆಯಲು ಹೋದರೂ, "ಏ, ಮುಟ್ಟಬ್ಯಾಡ! ಹೆಣ್ಮಕ್ಕಳ ಕೈ ಹತ್ತಿದ್ರ ಬಲೆ ಕುರುಡಾಗ್ತೈತಿ" ಎಂದು ಗದರುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಮ್ಮೆ, ಸಗಣಿ, ಮೇವು ಎಲ್ಲಕ್ಕೂ ನನ್ನ ಕೈ ಬೇಕು, ಬಲೆಗೆ ಮಾತ್ರ ಬೇಡವಂತೆ!

ಹೋದ ವರ್ಷ ಎಮ್ಮೆ ಈದ ಎರಡನೇ ದಿನ ಬೆಳಿಗ್ಗೆ, ಕರು ತಡವರಿಸುತ್ತ ಹೋಗಿ ಕಾಲುವೆಗೆ ಜಾರಿತು. ದಂಡೆಗೆಲ್ಲ ಸಿಮೆಂಟು, ಹತ್ತಿ ಬರಲು ಆಧಾರವಿಲ್ಲ. ನೀರು ಗುಡ್ಡ ಬಳಸಿಕೊಂಡು ಸಣ್ಣ ಸೇತುವೆಗೆ ಬರುತ್ತದೆ. ಅಡ್ಡದಾರಿ ಹಿಡಿದರೆ ನಾವೇ ಮೊದಲು ಮುಟ್ಟಬಹುದು. ನಾನು ಯಾರನ್ನೂ ಕೇಳಲಿಲ್ಲ. ಅಟ್ಟ ಹತ್ತಿ ಬಲೆ ಎಳೆದುಕೊಂಡೆ. ಮೊಣಕಾಲು ನೋವಿನ ಅಪ್ಪನನ್ನು ನಡುವೆ ಕೂರಿಸಿಕೊಂಡು ಮೂವರೂ ತಮ್ಮನ ಬೈಕ್ ಹತ್ತಿದೆವು. ಬಲೆ ಮುಟ್ಟಿದ್ದಕ್ಕೆ ದಾರಿಯುದ್ದಕ್ಕೂ ಬೈಗುಳ.

ತಮ್ಮ ಬಲೆಯ ಒಂದು ತುದಿ ನನ್ನ ಕೈಗೆ ಕೊಟ್ಟು ಸೇತುವೆ ದಾಟಿ, ಇನ್ನೊಂದು ತುದಿಯನ್ನು ಆಚೆ ದಂಡೆಯ ಕಂಬಕ್ಕೆ ಜಗ್ಗಿ ಬಿಗಿದ.

"ಲೇ, ವಾಲಿಬಾಲ್ ಆಡ್ತೀಯೇನಲೇ! ಬಿಗಿ ಇದ್ರ ಹರೀತೈತಿ. ಸಡಲ ಬಿಡು!" ಅಪ್ಪ ಕೂಗಿದ.

ತಮ್ಮನ ಗಂಟು ಬಿಚ್ಚಲೊಲ್ಲದು. ಕರುವಿನ ಕರಿ ತಲೆ ಆಗಲೇ ತಿರುವಿನಲ್ಲಿ ಕಂಡಿತು. ನಾನು ಈಚೆ ತುದಿಯನ್ನು ಕಟ್ಟದೆ ಕೈಗೇ ಸುತ್ತಿಕೊಂಡು, ಎರಡು ಮಾರು ಸಡಿಲ ಬಿಟ್ಟು ನಿಂತೆ. ಕರು ಬಂದು ಬಡಿಯಿತು. ಬಲೆ ಜೋಳಿಗೆಯಂತೆ ಅದನ್ನು ಒಳಗೆ ಹಾಕಿಕೊಂಡಿತು. ಅಂಗೈ ಸುಲಿದುಹೋಯಿತು, ನಾನು ಬಿಡಲಿಲ್ಲ. ತಮ್ಮ ಓಡಿಬಂದ, ಇಬ್ಬರೂ ಜಗ್ಗಿ ದಂಡೆಗೆ ಹಾಕಿದೆವು. ಕರು ಸೀನಿತು! ನಾನು ಹಾಕಿದ ಕೇಕೆ ರೈಸ್‌ಮಿಲ್ಲಿನ ತನಕ ಕೇಳಿಸಿತಂತೆ.

ಸಂಜೆ ಅವ್ವ ಗಿಣ್ಣ ಮಾಡಿದಳು. ನಮ್ಮಲ್ಲಿ ಬೇಟೆ ಮನೆಗೆ ಬಂದರೆ ಬಲೆ ಒಡ್ಡಿದವರಿಗೇ ಮೊದಲ ಪಾಲು. ಅಜ್ಜನ ಕಾಲದಿಂದಲೂ ಅದು ಗಂಡಸರ ತಾಟು ಬಿಟ್ಟು ಆಚೆ ಹೋಗಿದ್ದಿಲ್ಲ. ಅವ್ವ ರೂಢಿಯಂತೆ ಮೊದಲು ಅಪ್ಪನ ಮುಂದೆ ತಾಟಿಟ್ಟಳು. ಅಪ್ಪ ಅದನ್ನು ನನ್ನ ಕಡೆ ಸರಿಸಿದ.

"ಮದ್ಲು ನೀ ತಿನ್ನು. ಬ್ಯಾಟಿ ನಿಂದು."

ನಾನು ಬೇಡ ಅನ್ನಲಿಲ್ಲ. ಎಲ್ಲರೂ ನೋಡುತ್ತಿರುವಂತೆಯೇ ಪೂರ್ತಿ ತಿಂದು, ಇನ್ನೊಂದು ತುಂಡು ಕೇಳಿದೆ.