ಕೋಲೋ, ಬಟ್ಟೆಯೋ

ಯಡಿಯೂರಿನ ನಮ್ಮ ಹಳೇ ಮನೆಯಲ್ಲಿ ನೆಲ ಒರೆಸುವ ಪ್ರಶ್ನೆಯೇ ಇರಲಿಲ್ಲ. ಮಣ್ಣಿನ ನೆಲ, ಸಗಣಿ ಕಲಸಿ ಸಾರಿಸಿದರೆ ಮುಗಿಯಿತು. ಹೊಲವೆಲ್ಲ ಬಡಾವಣೆಗೆ ಹೋಗಿ, ಅರವತ್ತರ ದಶಕದಲ್ಲಿ ನಾವು ಜಯನಗರದಲ್ಲಿ ಕೆಂಪು ಸಿಮೆಂಟಿನ ನೆಲದ ಮನೆ ಕಟ್ಟಿಕೊಂಡು ಬಂದೆವು ನೋಡಿ, ಶುರುವಾಯಿತು ಫಜೀತಿ. ಗೃಹಪ್ರವೇಶ ಮುಗಿದ ಮೊದಲ ಶುಕ್ರವಾರವೇ ನಮ್ಮತ್ತೆ ಆ ಹೊಳೆಯುವ ನೆಲಕ್ಕೂ ಸಗಣಿ ಸಾರಿಸಿಬಿಟ್ಟರು! ಶುಕ್ರವಾರ ಸಾರಿಸದ ಮನೆಗೆ ಲಕ್ಷ್ಮಿ ಹೇಗೆ ಬಂದಾಳು ಎಂದು ಅವರ ವಾದ. ಒಣಗಿದ ಮೇಲೆ ಅದು ಹಪ್ಪಳದ ಹಾಗೆ ಎದ್ದು ಬಂತು. ಅದನ್ನು ತಿಕ್ಕಿ ತೊಳೆಯುವಷ್ಟರಲ್ಲಿ ಅವರ ಸೊಂಟ ಬಿದ್ದುಹೋಯಿತು.

ಆಗ ನಾನು ಐದು ತಿಂಗಳ ಬಸುರಿ. ಹಿಂದಿನ ವರ್ಷ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಇದೂ ಎಲ್ಲಿ ಕೈ ತಪ್ಪುತ್ತದೋ ಎಂದು ನನಗೆ ಹಗಲೂ ಇರುಳೂ ಅದೇ ದಿಗಿಲು. ಲೇಡಿ ಡಾಕ್ಟರು, ಬಗ್ಗಿ ಕೆಲಸ ಮಾಡಬೇಡ ಎಂದರು. ಅತ್ತೆ, ಕುಕ್ಕರುಗಾಲಲ್ಲಿ ಕೂತು ದಿನಾ ನೆಲ ಒರೆಸು, ಹೆರಿಗೆ ಸಲೀಸಾಗುತ್ತದೆ ಎಂದರು. ನಮ್ಮ ಯಜಮಾನರು, ನಿಂತುಕೊಂಡೇ ಒರೆಸುವ ಕೋಲು ಸಿಗುತ್ತಂತೆ ತಗೊಳ್ಳಿ ಎಂದು ದೊಡ್ಡ ಉಪಕಾರ ಮಾಡಿದವರ ಹಾಗೆ ಹೇಳಿ, ಸೈಕಲ್ ಹತ್ತಿ ಆಫೀಸಿಗೆ ಹೋದರು. ಹೊಟ್ಟೆ ನನ್ನದು, ಅಪ್ಪಣೆ ಊರಿನವರದು. ಯಾರ ಮಾತು ಕೇಳಲಿ ನಾನು?

ಅತ್ತೆಯೂ ನಾನೂ ಗಾಂಧಿಬಜಾರಿನ ಒಂದು ಪಾತ್ರೆ ಅಂಗಡಿಗೆ ಹೋದೆವು. ಅಂಗಡಿಯವನು ಒಂದು ತಗಡಿನ ಬಕೆಟ್ಟು, ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ಟು ತಂದಿಟ್ಟ.

“ಪ್ಲಾಸ್ಟಿಕ್ ತಗೊಳ್ಳಿ ತಾಯಿ. ಹಗುರ, ತುಕ್ಕು ಹಿಡಿಯಲ್ಲ.”

ಅತ್ತೆ ಅದನ್ನು ಬೆರಳಲ್ಲಿ ತಟ್ಟಿ ನೋಡಿ, “ಬಿಸಿನೀರು ಹುಯ್ದ್ರೆ ಕರಗೋಗಲ್ವೇನಪ್ಪಾ?” ಎಂದರು.

“ಕುದಿಯೋ ನೀರಲ್ಲಿ ಯಾರಾದ್ರೂ ನೆಲ ಒರೆಸ್ತಾರಾ ಅಮ್ಮ?”

ಅವನು ನಕ್ಕ. ನನಗೂ ನಗು ಬಂತು, ಅದುಮಿಕೊಂಡೆ. ತಗಡಿನದು ಎತ್ತಿದರೆ ಭಾರ, ಪ್ಲಾಸ್ಟಿಕ್ಕಿನದು ಎತ್ತಿದರೆ ಅನುಮಾನ. ಅಷ್ಟರಲ್ಲಿ ಅವನು ಒಳಗಿನಿಂದ ಕೋಲು ತಂದ. ತುದಿಗೆ ದಪ್ಪ ದಪ್ಪ ಬಿಳೀ ದಾರದ ಗೊಂಡೆ. ಅದನ್ನು ನೋಡಿದ್ದೇ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

“ಇದು ಆಸ್ಪತ್ರೇಲಿ ಒರೆಸೋದು. ನಮ್ಮನೆಗೆ ಬ್ಯಾಡ. ಹಳೇ ಸೀರೆ ಹರ್ಕೊಂಡ್ರೆ ಬಟ್ಟೆ ಆಯ್ತು. ಕೂತ್ಕೊಂಡು ಒರೆಸ್ತಾಳೆ.”

“ಬಗ್ಗಬೇಡ ಅಂತ ಡಾಕ್ಟರಮ್ಮ ಹೇಳವ್ರೆ ಅತ್ತೆ.”

“ಆ ಡಾಕ್ಟರಮ್ಮ ಎಷ್ಟು ಹೆತ್ತವ್ಳೆ, ಕೇಳು ಹೋಗು!”

ನನಗೆ ಪಿತ್ತ ನೆತ್ತಿಗೇರಿತು. ಹೋದ ವರ್ಷ ಮಗುವನ್ನು ಕಳೆದುಕೊಂಡವಳು ಎಂದು ಇವರಿಗೆ ನನ್ನ ಮೇಲೆ ಹಗೆ, ಅದಕ್ಕೇ ಈ ಶಿಕ್ಷೆ ಎಂದುಕೊಂಡೆ. ಹಟಕ್ಕೆ ಬಿದ್ದು ಪ್ಲಾಸ್ಟಿಕ್ ಬಕೆಟ್ಟನ್ನೂ ಕೋಲನ್ನೂ ಕೊಂಡೆ. ಬಸ್ಸಿನಲ್ಲಿ ಅತ್ತೆ ಬೇರೆ ಸೀಟಿಗೆ ಹೋಗಿ ಕೂತರು.

ಆಮೇಲಾದರೂ ನೆಮ್ಮದಿ ಇತ್ತೇ? ಅತ್ತೆ ಮನೆಯಲ್ಲಿದ್ದರೆ ಬಟ್ಟೆ ಹಿಡಿದು ಕೂರುತ್ತಿದ್ದೆ, ಅವರು ಆಚೆ ಹೋದರೆ ಕೋಲು ಹಿಡಿದು ನಿಲ್ಲುತ್ತಿದ್ದೆ. ಕೂತಾಗ ಡಾಕ್ಟರ ಮಾತು ನೆನಪಾಗಿ ತಟ್ಟನೆ ಎದ್ದುಬಿಡುತ್ತಿದ್ದೆ. ನಿಂತಾಗ ಅತ್ತೆಯ ಮಾತೇ ನಿಜವಾಗಿಬಿಟ್ಟರೆ ಎಂದು ಮತ್ತೆ ಬಟ್ಟೆ ಹುಡುಕುತ್ತಿದ್ದೆ. ಆ ಗೊಂಡೆಯನ್ನು ಹಿಂಡುವುದು ಹೇಗೆಂದೂ ಅಂಗಡಿಯವನು ಹೇಳಿಕೊಟ್ಟಿರಲಿಲ್ಲ. ಹಜಾರದ ತುಂಬ ನೀರು ನಿಲ್ಲುತ್ತಿತ್ತು.

ಒಂದು ದಿನ ಅತ್ತೆ ದೇವಸ್ಥಾನದಿಂದ ಬೇಗ ಬಂದುಬಿಟ್ಟರು. ಕೋಲು ನನ್ನ ಕೈಯಲ್ಲೇ ಇತ್ತು. ಇವತ್ತು ನನ್ನ ಗ್ರಹಚಾರ ಬಿಡಿಸುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ಒದ್ದೆ ನೆಲದ ಮೇಲೆ ಗೋಡೆಗೊರಗಿ ಕುಸಿದು, ಅಳತೊಡಗಿದರು.

“ಹೋದ್ಸಲ ನಿನ್ನ ಒಂದು ಕಡ್ಡಿ ಎತ್ತೋಕೂ ಬಿಡ್ಲಿಲ್ಲ ಕಣವ್ವಾ. ಆಯಾಸ ಆದೀತು ಅಂತ ಕೂರ್ಸಿ ಕೂರ್ಸಿ ಇಟ್ಟೆ. ಅದಕ್ಕೇ ಕೂಸು ಹೋಯ್ತು. ನಾನೇ ಕಳದೆ. ಈ ಸಲಾನೂ ಹಂಗೇ ಆಗ್ಬಿಟ್ರೆ?”

ಒಂದು ವರ್ಷ ಒಂದೇ ಸೂರಿನಡಿ ಇದ್ದು, ಈ ಜೀವ ಒಳಗೊಳಗೇ ಬೇಯುತ್ತಿದ್ದುದು ನನಗೆ ತಿಳಿಯಲೇ ಇಲ್ಲವಲ್ಲ! ಹಾಗಲ್ಲ ಅತ್ತೆ ಎನ್ನಬೇಕು ಅನಿಸಿತು. ಆದರೆ ಹಾಗಲ್ಲ ಎಂದು ನನಗಾದರೂ ಯಾರು ಹೇಳಿದ್ದರು? ಹತ್ತಿರ ಹೋಗಿ ಕೂತು, ನಾನೂ ಅತ್ತುಬಿಟ್ಟೆ.

ಆಮೇಲಿನ ತಿಂಗಳುಗಳಲ್ಲಿ ನಾನು ನಿಂತು ಕೋಲಾಡಿಸಿದೆ, ಅವರು ಹಿಂದೆಯೇ ಬಟ್ಟೆ ಹಿಡಿದು ಬಂದರು. ಒಮ್ಮೊಮ್ಮೆ ಅವರ ಸಮಾಧಾನಕ್ಕೆ ನಾನೂ ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕೂತೆ. ಯಾವುದು ಸರಿ, ಯಾವುದು ತಪ್ಪು, ಇವತ್ತಿಗೂ ನನಗೆ ತಿಳಿಯದು.

ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಎಲ್ಲರೂ ಎತ್ತಿಕೊಂಡರು, ಅತ್ತೆ ಮಾತ್ರ ದೂರದಲ್ಲೇ ನಿಂತಿದ್ದರು. ಕರೆದರೆ, “ನನ್ ಕೈ ಬ್ಯಾಡ ಕಣವ್ವಾ” ಎಂದರು.

ಡಾಕ್ಟರು ಬಂದಾಗ ಅತ್ತೆಯ ಎದುರಿಗೇ ಕೇಳಿದೆ, “ಹೋದ ಸಲ ನನ್ನನ್ನ ಕೂರಿಸಿ ಇಟ್ಟಿದ್ದಕ್ಕೇ ಮಗು ಹೋಯ್ತಾ ಡಾಕ್ಟ್ರೇ?”

“ಯಾರಮ್ಮ ಹಾಗಂದಿದ್ದು? ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅದು ಯಾರ ತಪ್ಪೂ ಅಲ್ಲ.”

ಡಾಕ್ಟರು ಹೋದರು. ಅತ್ತೆ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಮಂಚದ ಹತ್ತಿರ ಬಂದರು.

“ಹಂಗಾರೆ ಕೊಡು ಇತ್ತ” ಎಂದರು.